ಮಳೆಯಿಲ್ಲದ ಊರಿನ ಕರಿಕಂಬಳಿ

ಗಿರಾಕಿ ಅನುಮಾನಪಟ್ಟರೆ ಅಣ್ಣ ಮಾತಾಡುತ್ತಿರಲಿಲ್ಲ. ನನ್ನನ್ನು ಕರೆದು ಕಂಬಳಿಯ ಎರಡು ಮೂಲೆ ಕೈಗೆ ಕೊಡುತ್ತಿದ್ದ, ಉಳಿದೆರಡು ತಾನು ಹಿಡಿಯುತ್ತಿದ್ದ. ನಡುವೆ ತಗ್ಗು ಮಾಡಿ, ಅತ್ತಿಗೆಗೆ ಒಂದು ಚೊಂಬು ನೀರು ಹುಯ್ಯಲು ಹೇಳುತ್ತಿದ್ದ. ನೀರು ಹಾಗೇ ನಿಂತಿರುತ್ತಿತ್ತು. ಕೆಳಗೆ ಕೈಯಿಟ್ಟು ನೋಡಿದ ಕುರಿಗಾಹಿ ಬಾಯಿ ಮುಚ್ಚಿಕೊಂಡು ಸೊಂಟದ ಚೀಲ ಬಿಚ್ಚುತ್ತಿದ್ದ.

ಇದು ನಡೆಯುತ್ತಿದ್ದದ್ದು ಅನಂತಪುರ ಜಿಲ್ಲೆಯ ಬೆಳುಗುಪ್ಪದಲ್ಲಿ ಅನ್ನುವುದೇ ತಮಾಷೆ. ಜಿಲ್ಲೆಯ ವಾರ್ಷಿಕ ಸರಾಸರಿ ಮಳೆ ಸುಮಾರು 550 ಮಿಲಿಮೀಟರ್. ಕಡಲೆಕಾಯಿ ಬಿತ್ತಿ ಆಕಾಶ ನೋಡುವ ಸೀಮೆ. ಇಲ್ಲಿ ಮಳೆಗೆಂದು ಯಾರು ಕಂಬಳಿ ಕೊಳ್ಳುತ್ತಾರೆ? ಆದರೆ ಕುರಿಯವನಿಗೆ ಅದು ಬರೀ ಕೊಪ್ಪೆಯಲ್ಲ. ಹೊಲದಲ್ಲಿ ಮಂದೆ ನಿಲ್ಲಿಸಿದ ರಾತ್ರಿ ಅದೇ ಹಾಸಿಗೆ, ಅದೇ ಹೊದಿಕೆ; ಆಗತಾನೇ ಹುಟ್ಟಿದ ಮರಿಯನ್ನು ಹೊತ್ತು ತರುವ ಜೋಳಿಗೆಯೂ ಅದೇ. ಮೈಲಾರಲಿಂಗನ ಗೊರವರಿಗಂತೂ ಮೈಮೇಲೆ ಕರಿಕಂಬಳಿ ಬೇಕೇ ಬೇಕು.

ನಮ್ಮ ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತೆಲುಗು. ಪಕ್ಕದ ರಾಯದುರ್ಗವನ್ನು 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆಯಿಂದ ಕಿತ್ತು ಅನಂತಪುರಕ್ಕೆ ಸೇರಿಸಿದರು. ರಾಜ್ಯಗಳ ಗೆರೆ ಎಲ್ಲಿ ಬಿದ್ದರೂ ಕುರಿಗಳು ಮೊಳಕಾಲ್ಮೂರು, ಚಳ್ಳಕೆರೆ ಕಡೆಗೆ ಮೇಯುತ್ತಾ ಹೋಗುವುದು ನಿಲ್ಲಲಿಲ್ಲ. ಅಣ್ಣ ದುಡ್ಡನ್ನು ತೆಲುಗಿನಲ್ಲಿ ಎಣಿಸುತ್ತಿದ್ದ, ಎಳೆಗಳನ್ನು ಕನ್ನಡದಲ್ಲಿ. ಗಿರಾಕಿ ಕೇಳುವುದು ಗೊಂಗಡಿ, ಇವನು ನೇಯುವುದು ಕಂಬಳಿ.

ಕೆಲಸ ಶುರುವಾಗುವುದು ಕತ್ತರಿಯಿಂದ. ದಖ್ಖನಿ ಕುರಿಗೆ ವರ್ಷಕ್ಕೆ ಎರಡು ಸಲ ಉಣ್ಣೆ ಕತ್ತರಿಸುತ್ತಾರೆ. ಮರಿಯ ಮೊದಲ ಉಣ್ಣೆಯೇ ಬಲು ಕಪ್ಪು, ಬಲು ಮೆತ್ತಗೆ. ವಯಸ್ಸಾದಂತೆ ಕಪ್ಪು ಕೆಂಚಾಗುತ್ತದೆ. ಬಣ್ಣ ಹಾಕಿದ ಕಂಬಳಿಯನ್ನು ಅಣ್ಣ ಕಣ್ಣೆತ್ತಿ ನೋಡುತ್ತಿರಲಿಲ್ಲ. ಬಿಲ್ಲಿನ ನರಕ್ಕೆ ಉಣ್ಣೆ ಸಿಕ್ಕಿಸಿ ಹಿಂಜುವಾಗ ಹೊರಡುವ ಝೇಂಕಾರ ನನ್ನ ಬಾಲ್ಯದ ಬೆಳಗು. ಹಿಂಜಿದ್ದನ್ನು ಹೆಂಗಸರು ರಾಟೆಯಲ್ಲಿ ನೂಲುತ್ತಾರೆ. ಹಾಸನ್ನು ಬಯಲಲ್ಲಿ ಎಳೆದು ಕಟ್ಟಿ ಸರಿ ಹಚ್ಚುತ್ತಾರೆ.

ಗುಟ್ಟೆಲ್ಲ ಆ ಸರಿಯಲ್ಲೇ ಇದೆ ಅನ್ನುತ್ತಿದ್ದ ಅಣ್ಣ. ಹುಣಸೆ ಬೀಜ ಹುರಿದು, ಸಿಪ್ಪೆ ಬಿಡಿಸಿ, ನೆನೆಸಿ, ರುಬ್ಬಿ, ಅಂಬಲಿಯ ಹಾಗೆ ಕುದಿಸಬೇಕು. ತೆಳ್ಳಗಾದರೆ ನೂಲು ಜೂಲೇಳುತ್ತದೆ, ಗಟ್ಟಿಯಾದರೆ ಒಣಗಿ ಪಟಪಟ ಮುರಿಯುತ್ತದೆ. ಹದ ನೋಡಲು ಅವನು ತೋರುಬೆರಳು ಅದ್ದಿ ಹೆಬ್ಬೆರಳಿಗೆ ತಾಗಿಸಿ ಬಿಡಿಸುತ್ತಿದ್ದ. ನಡುವೆ ಏಳುವ ಎಳೆ ಎಷ್ಟು ಹೊತ್ತಿಗೆ ಹರಿಯಿತು ಅನ್ನುವುದೇ ಲೆಕ್ಕ. ನಾನೂ ನೂರು ಸಲ ಮಾಡಿ ನೋಡಿದ್ದೇನೆ. ನನ್ನ ಬೆರಳಿಗೆ ಅಂಟಿದ್ದು ಬರೀ ಸರಿ.

ಆಮೇಲೆ ಕುಣಿಮಗ್ಗ. ನೆಲದ ಗುಂಡಿಗೆ ಕಾಲಿಳಿಬಿಟ್ಟು ಕೂತರೆ ಊಟಕ್ಕೇ ಏಳುವುದು. ಒಂದೊಂದು ಹೊಕ್ಕನ್ನೂ ಮರದ ಹಲಗೆಯಿಂದ ಬಡಿದು ಕೂರಿಸಬೇಕು. ಆ ಬಡಿತ ಸಡಿಲವಾದ ಕಂಬಳಿ ನೀರು ಹಿಡಿಯುವುದಿಲ್ಲ. ಅಣ್ಣನ ಬಲಭುಜ ಎಡಕ್ಕಿಂತ ಒಂದು ಬೆರಳು ತಗ್ಗಿತ್ತು. ಅಂಗಿ ಹೊಲಿಸುವಾಗ ದರ್ಜಿ ಎರಡು ಸಲ ಅಳೆಯುತ್ತಿದ್ದ.

ಈ ಮಗ್ಗದ ದುಡ್ಡಿನಲ್ಲೇ ಅವನು ನನ್ನನ್ನು ಓದಿಸಿದ. ನೇಯ್ಗೆ ಕಲಿಸೆಂದು ಕೇಳಿದಾಗೆಲ್ಲ "ನಿನಗ್ಯಾಕಪ್ಪ ಈ ಗುಂಡಿ" ಅಂದು ಗದರಿದ. ಅದು ಪ್ರೀತಿಯೇ. ಆದರೂ ಆ ವಿಷಯದಲ್ಲಿ ಅವನು ತಪ್ಪಿದ ಅಂತಲೇ ಇವತ್ತಿಗೂ ನನ್ನ ವಾದ.

ಕೊನೆಕೊನೆಗೆ ಉಣ್ಣೆಯೇ ಸಿಗದಾಯಿತು. ಮಾಂಸಕ್ಕೆ ಬೆಲೆ ಏರಿದಂತೆ ಕುರಿಯವರು ದಖ್ಖನಿ ಬಿಟ್ಟು, ಮೈತುಂಬಾ ಬರೀ ಗಿಡ್ಡ ಕೂದಲಿನ ನೆಲ್ಲೂರು ತಳಿ ಹಿಡಿದರು. ಸಂತೆಗೆ ಗಿರಣಿಯ ಅಗ್ಗದ ಹೊದಿಕೆ ಬಂತು. ಅಣ್ಣ ಯಾರನ್ನೂ ಬಯ್ಯಲಿಲ್ಲ. "ಕುರಿ ಅವರದು" ಅಂದ, ಅಷ್ಟೇ.

ಅವನು ಹೋದ ಮರುವರ್ಷ ಮುದುಕನೊಬ್ಬ ಕಂಬಳಿ ಹೆಗಲಿಗೇರಿಸಿಕೊಂಡು ಬಂದ. ಅಂಚು ಹರಿದಿತ್ತು. ಅಣ್ಣ ನೇಯ್ದದ್ದೇ, ಮೂಲೆಯ ಗಂಟು ನೋಡಿದರೆ ಗೊತ್ತಾಗುತ್ತದೆ. ನಾನು ತಿರುವಿ ಮುರುವಿ ನೋಡಿ, ನನಗೆ ಬರುವುದಿಲ್ಲ ಎಂದೆ. ಒಳಗಿನಿಂದ ಬಂದ ಅತ್ತಿಗೆ ನನ್ನ ಕೈಯಿಂದ ಕಸಿದುಕೊಂಡರು. "ನೇಯ್ದದ್ದು ಅವರು, ನೂತದ್ದು ನಾನು. ಕೂತ್ಕೋ ತಾತ" ಅಂದು ರಾಟೆಯ ಧೂಳು ಸೆರಗಿನಲ್ಲಿ ಒರೆಸಿದರು.