ಗೇರಿನ ಮುಂದಿನ ಮಂದದೀಪ

ಪುಣೆ–ಬೆಂಗಳೂರು ಹೆದ್ದಾರಿಯ ಮಗ್ಗುಲಲ್ಲಿರುವ ಶಿಗ್ಗಾಂವಿ ತಾಲೂಕಿನ ಗೊಟಗೋಡಿಗೆ, ಕಲಾವಿದ ಟಿ. ಬಿ. ಸೊಲಬಕ್ಕನವರು ಕಟ್ಟಿದ ಉತ್ಸವ ರಾಕ್ ಗಾರ್ಡನ್ನಿನ ಶಿಲ್ಪಗಳನ್ನು ನೋಡಲೆಂದು ಸಂಸಾರಸಮೇತರಾಗಿ ಕಾರಿನಲ್ಲಿ ಬರುವವರು, ಮಕ್ಕಳ ಹಟಕ್ಕೆ ಮಣಿದು ಇನ್ನೊಂದು ಸುತ್ತು ಹಾಕಿ, ಹೊತ್ತು ಮುಳುಗಿದ ಮೇಲೆ ಹುಬ್ಬಳ್ಳಿಯ ಕಡೆಗೋ ಹಾವೇರಿಯ ಕಡೆಗೋ ಹೊರಡುವುದುಂಟು. ಆಗ ಹೆಡ್‌ಲೈಟ್ ಹಾಕಿದೊಡನೆ ಗೇರಿನ ಮುಂದೆ, ಎ.ಸಿ.ಯ ಗುಂಡಿಗಳ ಹಿಂದೆ ತಾನಾಗಿಯೇ ಮೂಡಬೇಕಾದ ಮಂದಪ್ರಕಾಶವು ಮೂಡದಿದ್ದರೆ, ಹಗಲೆಲ್ಲ ಯಾರ ಗಮನಕ್ಕೂ ಬಾರದಿದ್ದ ಒಂದು ಅಲ್ಪವಸ್ತುವಿನ ಅಭಾವವು ಥಟ್ಟನೆ ಅನುಭವಕ್ಕೆ ಬರುತ್ತದೆ.

ಚಾಲಕನು ಗುಂಡಿಗಾಗಿ ತಡಕಾಡುತ್ತಿರಲು ಪಕ್ಕದವರು ಮೊಬೈಲಿನ ಟಾರ್ಚ್ ಹಿಡಿಯುತ್ತಾರೆ, ಇಲ್ಲವೆ ಛಾವಣಿಯ ದೀಪವನ್ನೇ ಹಾಕಿಬಿಡುತ್ತಾರೆ. ಇದು ಉಪಕಾರವೆಂಬ ಹೆಸರಿನ ಅಪಕಾರ. ಮನುಷ್ಯನ ಕಣ್ಣು ಕತ್ತಲೆಗೆ ಪೂರ್ಣವಾಗಿ ಒಗ್ಗಿಕೊಳ್ಳಲು ಸುಮಾರು 20ರಿಂದ 30 ನಿಮಿಷಗಳು ಹಿಡಿಯುತ್ತವೆ. ಎದುರು ವಾಹನಗಳ ಬೆಳಕಿನ ನಡುವೆ ಅದು ಗಳಿಸಿಕೊಂಡ ಅಷ್ಟಿಷ್ಟು ಒಗ್ಗುವಿಕೆಯನ್ನು ಪ್ರಖರವಾದ ಒಂದು ದೀಪವು ಕ್ಷಣಮಾತ್ರದಲ್ಲಿ ಅಪಹರಿಸಿಬಿಡುತ್ತದೆ. ಆದುದರಿಂದಲೇ ಕಾರು ತಯಾರಿಸಿದವರು ಈ ಸ್ಥಾನಕ್ಕೆ ಬುದ್ಧಿಪೂರ್ವಕವಾಗಿ ದುರ್ಬಲವಾದ ಬಲ್ಬನ್ನು ಆರಿಸಿರುತ್ತಾರೆ. ಹಲವು ಕಾರುಗಳಲ್ಲಿ ಅದು 12 ವೋಲ್ಟಿನ, ಕೇವಲ 1.2 ವ್ಯಾಟಿನ ಬಲ್ಬು. ಅದು ಎಳೆದುಕೊಳ್ಳುವ ವಿದ್ಯುತ್ತು ಒಂದು ಆಂಪಿಯರಿನ ಹತ್ತನೆಯ ಒಂದು ಪಾಲು ಮಾತ್ರ.

ಗೇರಿನ ಮುಂದಿನ ಈ ಭಾಗದ, ಅಂದರೆ ಕನ್ಸೋಲಿನ, ಎಲ್ಲ ದೀಪಗಳೂ ಒಟ್ಟಿಗೆ ಆರಿದ್ದರೆ ಮೊದಲು ಫ್ಯೂಜನ್ನು ನೋಡಬೇಕು. ಒಂದೇ ಆರಿದ್ದರೆ ದೋಷವು ಬಹುಮಟ್ಟಿಗೆ ಬಲ್ಬಿನದೇ. ಅದನ್ನು ಮುಟ್ಟುವ ಮೊದಲು ಬ್ಯಾಟರಿಯ ಮೈನಸ್ ತಂತಿಯನ್ನು ಕಳಚುವುದು ಕ್ಷೇಮ. ಕೆಲವು ಕಾರುಗಳಲ್ಲಿ ಹೀಗೆ ಮಾಡಿದರೆ ಸ್ಟೀರಿಯೋ ತನ್ನ ಗುಪ್ತಸಂಖ್ಯೆಯನ್ನು ಕೇಳುವುದರಿಂದ, ಅದನ್ನು ಮುಂಚೆಯೇ ಹುಡುಕಿಟ್ಟುಕೊಳ್ಳತಕ್ಕದ್ದು. 2019ರ ಜುಲೈ 1ರಿಂದ ನಮ್ಮ ದೇಶದಲ್ಲಿ ಹೊಸ ಕಾರುಗಳಿಗೆ ಚಾಲಕನ ಏರ್‌ಬ್ಯಾಗು ಕಡ್ಡಾಯವಾಗಿದ್ದು, ಅದರ ನಿಯಂತ್ರಕ ಪೆಟ್ಟಿಗೆಯು ಅನೇಕ ಕಾರುಗಳಲ್ಲಿ ಇದೇ ಕನ್ಸೋಲಿನ ಅಡಿಯಲ್ಲಿ ಅಡಗಿರುತ್ತದೆ. ಹಳದಿ ಬಣ್ಣದ ತಂತಿಜೋಡಣೆ ಕಣ್ಣಿಗೆ ಬಿದ್ದಲ್ಲಿ ಅದನ್ನು ಕೈಯಿಂದ ಮುಟ್ಟಬಾರದು.

ಮುಂದಿನದು ತಾಳ್ಮೆಯ ಕೆಲಸ. ಕನ್ಸೋಲಿನ ಹೊದಿಕೆಯು ಕೆಲವೆಡೆ ಸ್ಕ್ರೂಗಳಿಂದಲೂ ಉಳಿದೆಡೆ ಒಳಗಿನ ಕ್ಲಿಪ್ಪುಗಳಿಂದಲೂ ಕಚ್ಚಿಕೊಂಡಿರುವುದರಿಂದ, ಅಂಚಿನಲ್ಲಿ ಚಪ್ಪಟೆಯಾದ ಪ್ಲಾಸ್ಟಿಕ್ ಪಟ್ಟಿಯನ್ನು ತೂರಿಸಿ, ಒಂದು ಕ್ಲಿಪ್ಪು ಬಿಟ್ಟ ಸದ್ದು ಕೇಳಿದ ಮೇಲೆಯೇ ಮತ್ತೊಂದರ ಬಳಿಗೆ ಸರಿಯುತ್ತ ಎಬ್ಬಿಸಬೇಕು. ಅವಸರದಿಂದ ಸ್ಕ್ರೂಡ್ರೈವರಿನ ಮೊನೆಯಲ್ಲಿ ಮೀಟಿದ್ದರ ಗುರುತುಗಳು ನಮ್ಮ ಎಷ್ಟೋ ಕಾರುಗಳಲ್ಲಿ ಶಾಶ್ವತವಾಗಿ ಉಳಿದಿವೆ. ಆ ಗೀರುಗಳಿಗಿಂತ ಕತ್ತಲೆಯೇ ಲೇಸೆಂದು ನನಗೆ ತೋರುತ್ತದೆ.

ಹೊದಿಕೆಯ ಹಿಂದೆ ಬೆರಳತುದಿಯಷ್ಟು ದೊಡ್ಡದಾದ ಪ್ಲಾಸ್ಟಿಕ್ ಹೋಲ್ಡರೊಂದು ಕಾಣುವುದು. ಕಾಲುಸುತ್ತು ಎಡಕ್ಕೆ ತಿರುಗಿಸಿದರೆ ಅದು ಬಲ್ಬಿನೊಡನೆ ಹೊರಬರುತ್ತದೆ. ಬಲ್ಬಿಗೆ ಲೋಹದ ಬುಡವಿಲ್ಲ. ಗಾಜೇ ಕೆಳಗೆ ಚಪ್ಪಟೆಯಾಗಿ, ಅದರ ಇಕ್ಕೆಲಗಳಲ್ಲಿ ಎರಡು ಸಣ್ಣ ತಂತಿಗಳು ಮಡಚಿಕೊಂಡಿರುತ್ತವೆ. ಬೆಳಕಿಗೆ ಹಿಡಿದು ನೋಡಿದರೆ ಗಾಜಿನ ಒಳಮೈ ಕಪ್ಪಿಟ್ಟಿರುವುದು ಕಾಣಬಹುದು: ಟಂಗ್‌ಸ್ಟನ್ ತಂತಿಯು ಉರಿದಷ್ಟು ಕಾಲವೂ ಕಣಕಣವಾಗಿ ಆವಿಯಾಗಿ, ಆ ಆವಿಯು ಗಾಜಿಗೆ ಮೆತ್ತಿ, ಕಡೆಗೆ ಅತಿ ಸಣಕಲಾದ ಎಡೆಯಲ್ಲಿ ತಂತಿಯು ಕಡಿದದ್ದರ ಕುರುಹು ಅದು. ಹಳೆಯ ಕಾರುಗಳಲ್ಲಿ ಬಲ್ಬಿನ ಮೇಲೆ ಹಸಿರೋ ನೀಲಿಯೋ ಆದ ರಬ್ಬರಿನ ಟೊಪ್ಪಿಗೆಯಿರುತ್ತದೆ. ಗುಂಡಿಗಳ ಬೆಳಕಿಗೆ ಬಣ್ಣ ಕೊಡುವುದು ಅದೇ. ಹಳೆಯ ಬಲ್ಬಿನೊಡನೆ ಅದನ್ನೂ ಎಸೆಯದೆ ಹೊಸದಕ್ಕೆ ತೊಡಿಸಬೇಕು.

ಅಂಗಡಿಯವರು ಹೆಚ್ಚು ವ್ಯಾಟಿನದನ್ನು ಕೊಡಲು ಬಂದರೆ ಬೇಡವೆನ್ನಬೇಕು. 1.2 ವ್ಯಾಟಿನ ಜಾಗದಲ್ಲಿ 5 ವ್ಯಾಟಿನ ಬಲ್ಬು ನಾಲ್ಕು ಪಟ್ಟಿಗಿಂತ ಹೆಚ್ಚು ವಿದ್ಯುತ್ತನ್ನು ಉರಿಸಿ, ಹೋಲ್ಡರಿನ ಪ್ಲಾಸ್ಟಿಕ್ಕನ್ನು ಕರಗಿಸಬಲ್ಲದು. ಎಲ್‌ಇಡಿ ಬಿಸಿಯಾಗುವುದು ಕಡಿಮೆ. ಆದರೆ ಅದಕ್ಕೆ ಪ್ಲಸ್ ಮೈನಸ್‌ಗಳ ಭೇದವಿರುವುದರಿಂದ, ಹತ್ತದಿದ್ದರೆ ಕೆಟ್ಟಿತೆಂದು ಹಿಂದಿರುಗಿಸದೆ ಒಮ್ಮೆ ತಿರುಗಿಸಿ ಹಾಕಿ ನೋಡಬೇಕು. ಅದರ ಅಚ್ಚಬಿಳಿಯ ಉಗ್ರಪ್ರಭೆಯಾದರೋ ಈ ಸ್ಥಾನಕ್ಕೆ ಸಲ್ಲದು. ಈಚಿನ ಎಷ್ಟೋ ಕಾರುಗಳಲ್ಲಿ ಎಲ್‌ಇಡಿಯನ್ನು ಸರ್ಕಿಟ್ ಹಲಗೆಗೇ ಬೆಸೆದಿರುವ ಕಾರಣ, ಅಲ್ಲಿ ಬಲ್ಬನ್ನಷ್ಟೇ ಬದಲಿಸುವ ಅವಕಾಶವಿಲ್ಲ.

ಹೊದಿಕೆಯನ್ನು ಮತ್ತೆ ಕೂಡಿಸುವ ಮೊದಲೇ ಬ್ಯಾಟರಿಯ ತಂತಿಯನ್ನು ಜೋಡಿಸಿ, ದೀಪ ಹತ್ತಿಸಿ ಪರೀಕ್ಷಿಸಿರಿ. ಅಂಗಡಿಗೆ ಹೋಗುವಾಗ ಹಳೆಯ ಬಲ್ಬನ್ನು ಕಾಗದದಲ್ಲಿ ಸುತ್ತಿ ಜೊತೆಗೆ ಒಯ್ಯಿರಿ.