ಕಾಲಿಗೆ ಲಾಳ ಹೊಡೆಸುವ ಮುನ್ನ...

ವಿಜಯಪುರ: ನಸುಕಿನಲ್ಲಿ ಊರ ಹೊರಗಿನ ರಸ್ತೆಯಲ್ಲಿ ಮೊದಲ ಬಸ್ಸು ಕಾಯುವವರಿಗೆ ಈ ನೋಟ ಹೊಸದಲ್ಲ. ಬಗ್ಗಿ ಕುಳಿತ ಹುಡುಗ ಹುಡುಗಿಯರು ಸಾಲಾಗಿ ಸುಂಯ್ ಎಂದು ಹಾದು ಹೋಗುತ್ತಾರೆ. ಸೈಕಲ್ ಮೇಲಿದ್ದಾಗ ರಾಜಗಾಂಭೀರ್ಯ. ಚಾ ಅಂಗಡಿ ಮುಂದೆ ಇಳಿದು ನಾಲ್ಕು ಹೆಜ್ಜೆ ಹಾಕಿದರೋ, ನಗೆಪಾಟಲು! ಟಕ್ಕು ಟಕ್ಕು ಸದ್ದು. ಬೆರಳು ಮೇಲೆ, ಹಿಮ್ಮಡಿ ಕೆಳಗೆ. ಬಾತುಕೋಳಿ ನಡಿಗೆ.

“ಏನ್ ತಮ್ಮಾ, ಕಾಲಿಗೆ ಲಾಳ ಹೊಡಿಸಿಯೇನು?” ಎಂದು ಬೆಂಚಿನ ಮೇಲೆ ಕುಳಿತ ಹಿರಿಯರು ಚಾಷ್ಟಿ ಮಾಡುವುದುಂಟು.

ಆ ಮಾತು ಪೂರಾ ಸುಳ್ಳೂ ಅಲ್ಲ. ಬೂಟಿನ ಅಡಿಗೆ ಸ್ಕ್ರೂ ಹಾಕಿ ಬಿಗಿದ ಆ ತುಂಡಿಗೆ ಕ್ಲೀಟು ಎಂದು ಹೆಸರು. ಅದು ಪೆಡಲ್ಲಿಗೆ ಹೋಗಿ ಟಕ್ಕೆಂದು ಕಚ್ಚಿಕೊಳ್ಳುತ್ತದೆ. ಹಿಮ್ಮಡಿಯನ್ನು ಹೊರಗೆ ತಿರುವಿದರೆ ಬಿಡುತ್ತದೆ. ನಗುವ ಹಿರಿಯರಿಗೆ ಬೂಟಿನ ಬೆಲೆ ಹೇಳಿದರೆ ಮಾತ್ರ ಕೈಯಲ್ಲಿದ್ದ ಬಸಿ ಅಲ್ಲೇ ನಿಲ್ಲುತ್ತದೆ. ಕಡಿಮೆ ಅಂದರೂ ನಾಲ್ಕೈದು ಸಾವಿರ. ಮೇಲಿನದು ಮೂವತ್ತು ಸಾವಿರ ದಾಟುವುದೂ ಉಂಟು. ಅದೂ ಬರೀ ಬೂಟಿಗೆ! ಪೆಡಲ್ ಬೇರೆ ಲೆಕ್ಕ.

ದೊಡ್ಡ ಊರಿನ ಕಂಪನಿ ನೌಕರರಿಗೆ ಇದು ಹವ್ಯಾಸದ ಖರ್ಚು, ಬಿಡಿ. ವಿಜಯಪುರ, ಬಾಗಲಕೋಟೆ ಕಡೆಯ ಮಾತು ಹಾಗಲ್ಲ. ಜಾತ್ರೆಯ ಸೈಕಲ್ ಶರ್ಯತ್ತಿನಲ್ಲಿ ಗೆದ್ದು, ಸರ್ಕಾರದ ಸೈಕ್ಲಿಂಗ್ ಕ್ರೀಡಾ ನಿಲಯ ಸೇರಿ, ರಾಜ್ಯದ ಬನಿಯನ್ ತೊಟ್ಟು, ಆಮೇಲೆ ಕ್ರೀಡಾ ಕೋಟಾದಲ್ಲಿ ನೌಕರಿ ಹಿಡಿಯಬೇಕು ಎಂದು ಹೊರಟ ಮಕ್ಕಳು ಇವರು. ಬಹಳ ಮಂದಿ ಒಕ್ಕಲುತನದ ಮನೆಯವರು. ಅಲ್ಲಿ ಬೂಟಿಗೆ ಕೊಟ್ಟ ದುಡ್ಡು ಎಮ್ಮೆ ಹಾಲಿನ ದುಡ್ಡು, ತೊಗರಿ ಮಾರಿದ ದುಡ್ಡು. ತಪ್ಪು ಬೂಟು ತಂದರೆ ದುಡ್ಡಿನ ಜತೆಗೆ ಮೊಣಕಾಲೂ ಹೋದೀತು. ಮಾಲು ಬದಲಿಸಿ ಕೊಡುವ ಅಂಗಡಿಗಳುಂಟು. ಮೊಣಕಾಲು ಬದಲಿಸಿ ಕೊಡುವವರು ಯಾರು ಸ್ವಾಮಿ?

ಲಾಳದ ಕತೆ

ಹಿಂದೆ ಓಟದ ಸೈಕಲ್ಲಿಗೆ ಟೋ ಕ್ಲಿಪ್ ಇರುತ್ತಿತ್ತು. ಪೆಡಲ್ ಮುಂದೆ ಕಬ್ಬಿಣದ ಬಾಯಿ, ಅದರೊಳಗೆ ಚರ್ಮದ ಬೂಟು ತೂರಿಸಿ ಮೇಲೆ ಪಟ್ಟಿ ಬಿಗಿಯುವುದು. ಬಿದ್ದರೆ ಕಾಲು ಬಿಡಿಸಿಕೊಳ್ಳುವುದು ಯಮಸಾಹಸ. 1984ರಲ್ಲಿ ಫ್ರಾನ್ಸಿನ ಲುಕ್ ಕಂಪನಿ ಹೊಸ ಪೆಡಲ್ ತಂದಿತು. ಅದು ಹಿಮದ ಮೇಲೆ ಜಾರುವ ಸ್ಕೀ ಹಲಗೆಗೆ ಬೂಟು ಸಿಕ್ಕಿಸುವ ಕೊಂಡಿ ಮಾಡುತ್ತಿದ್ದ ಕಂಪನಿ. ಅದೇ ಉಪಾಯ ಸೈಕಲ್ಲಿಗೂ ಹೂಡಿತು. ಮರುವರ್ಷ, ಅಂದರೆ 1985ರಲ್ಲಿ, ಬರ್ನಾರ್ಡ್ ಇನೋ ಅದೇ ಪೆಡಲ್ ತುಳಿದು ಟೂರ್ ಡಿ ಫ್ರಾನ್ಸ್ ಗೆದ್ದದ್ದೇ ತಡ, ಟೋ ಕ್ಲಿಪ್ಪಿನ ಕಾಲ ಮುಗಿಯಿತು. 1990ರಲ್ಲಿ ಜಪಾನಿನ ಶಿಮಾನೊ ಗುಡ್ಡಗಾಡು ಸೈಕಲ್ಲಿಗೆ ಎಂದು ಚಿಕ್ಕ ಕ್ಲೀಟಿನ ಇನ್ನೊಂದು ಬಗೆ ತಂದಿತು.

ತಮಾಷೆ ನೋಡಿ, ಈ ಕಚ್ಚುವ ಪೆಡಲ್ಲಿಗೆ ಇಂದಿಗೂ ‘ಕ್ಲಿಪ್‌ಲೆಸ್’ ಎಂದೇ ಹೆಸರು. ಕಬ್ಬಿಣದ ಬಾಯಿ ಹೋಯಿತಲ್ಲ, ಅದಕ್ಕೆ. ಅಂಗಡಿಯಲ್ಲಿ ‘ಕ್ಲಿಪ್‌ಲೆಸ್ ಪೆಡಲ್’ ಎಂದು ಓದಿ, ಇದು ಬೂಟು ಕಚ್ಚುವುದಿಲ್ಲವೇನೋ ಎಂದು ಬಿಟ್ಟು ಬಂದವರೂ ಇದ್ದಾರು!

ಬೆಳೆಯೋ ಕಾಲು, ಒಂದು ನಂಬರ್ ದೊಡ್ಡದು?

ನಮ್ಮ ಮನೆಗಳಲ್ಲಿ ಸ್ಕೂಲ್ ಬೂಟು ಕೊಳ್ಳುವ ಶಾಸ್ತ್ರ ಎಲ್ಲರಿಗೂ ಗೊತ್ತು. “ಬೆಳಿಯೋ ಕಾಲು ಐತಿ, ಒಂದು ನಂಬರ್ ದೊಡ್ಡದ ಕೊಡ್ರಿ. ಮುಂದ ಹತ್ತಿ ತುರುಕ್ತೀವಿ.” ಸೈಕಲ್ ಬೂಟಿಗೆ ಈ ಶಾಸ್ತ್ರ ನಡೆಯದು. ಬೂಟು ದೊಡ್ಡದಾದರೆ ಕಾಲು ಒಳಗೆ ಜಾರುತ್ತದೆ, ಹಿಮ್ಮಡಿ ಏಳುತ್ತದೆ. ಜಾರಬಾರದೆಂದು ಹುಡುಗ ಪಟ್ಟಿಯನ್ನು ಜಗ್ಗಿ ಬಿಗಿಯುತ್ತಾನೆ. ಅರ್ಧ ತಾಸಿಗೆ ಬೆರಳು ಜೋಮು. ಕ್ಲೀಟು ಹೆಬ್ಬೆರಳ ಬುಡದ ಉಬ್ಬಿಗೂ ಕಿರುಬೆರಳ ಬುಡದ ಉಬ್ಬಿಗೂ ನಡುವೆ ಎಲ್ಲೋ ಬರಬೇಕು. ಬೂಟು ಉದ್ದವಾದರೆ ಅದು ಮುಂದೆ ಹೋಗಿ ಬೆರಳಿನ ಅಡಿಗೇ ಕೂಡುತ್ತದೆ. ಮೀನಖಂಡಕ್ಕೆ ಪೆಟ್ಟು.

ಬೆಳೆಯುವ ಮಕ್ಕಳಿಗೆ ಇಂದಿನ ಅಳತೆಯ ಅಗ್ಗದ ಜೋಡಿಯೇ ಲೇಸು. ಕಾಲು ಬೆಳೆದ ಮೇಲೆ ಅದು ನಿಲಯದ ಕಿರಿಯರಿಗೆ ದಾಟೀತು, ಪಠ್ಯಪುಸ್ತಕ ದಾಟಿದ ಹಾಗೆ.

ಇದಕ್ಕಿಂತ ದೊಡ್ಡ ಫಜೀತಿ ಅಗಲದ್ದು. ಬರಿಗಾಲಲ್ಲಿ ಹೊಲ ತಿರುಗಿ, ಹವಾಯಿ ಚಪ್ಪಲಿಯಲ್ಲಿ ಶಾಲೆ ಮುಗಿಸಿದ ಕಾಲು ಮುಂದೆ ಬೀಸಣಿಗೆಯಂತೆ ಹರಡಿಕೊಂಡಿರುತ್ತದೆ. ಇದು ಬರೀ ಬಾಯಿಮಾತಲ್ಲ. ಬೆಲ್ಜಿಯಂ ಕಡೆಯ ಸಂಶೋಧಕರು ದಕ್ಷಿಣ ಭಾರತದ ಬರಿಗಾಲಿನವರ ಪಾದ ಅಳೆದು 2009ರಲ್ಲಿ ಪ್ರಕಟಿಸಿದ್ದಾರೆ. ಬೂಟು ತೊಟ್ಟು ಬೆಳೆದವರಿಗಿಂತ ಇವರ ಪಾದ ಅಗಲ, ಭಾರವೂ ಪಾದದುದ್ದಕ್ಕೆ ಹೆಚ್ಚು ಸಮನಾಗಿ ಬೀಳುತ್ತದೆ ಎಂದು ಅದರ ತಾತ್ಪರ್ಯ. ಅಂದರೆ ಕಾಲು ಚೆನ್ನಾಗಿದೆ, ದೋಷ ಕಾಲಿನದ್ದಲ್ಲ. ಬೂಟಿನ ಅಚ್ಚು ಮಾತ್ರ ಯುರೋಪಿನ ಸಪೂರ ಪಾದದ್ದು. ಅದರಲ್ಲೂ ಇಟಲಿಯ ಹಳೆ ಹೆಸರಿನ ಬೂಟುಗಳು ಇಕ್ಕಟ್ಟು ಎಂದೇ ಪ್ರಸಿದ್ಧ.

ಟಿಕೋಟಾ ಕಡೆಯ ಒಬ್ಬ ಹುಡುಗನ ಪಾಡು ಕೇಳಿ. ಫೋನಿನಲ್ಲಿ ನೋಡಿ 42ನೇ ನಂಬರ್ ತರಿಸಿದ. ಉದ್ದ ಸರಿ, ಅಗಲ ಬಿಗಿ. ಚರ್ಮದ ಬೂಟು ಬಿಡುತ್ತದಲ್ಲ, ಇದೂ ಬಿಟ್ಟೀತು ಎಂದು ಕ್ಲೀಟು ಬಿಗಿದು ಹತ್ತು ದಿನ ತುಳಿದ. ಗಟ್ಟಿ ಅಟ್ಟೆಯ ಬೂಟು ಎಲ್ಲಿ ಬಿಡಬೇಕು? ಕಿರುಬೆರಳ ಬುಡದಲ್ಲಿ ಕೆಂಡ ಇಟ್ಟ ಹಾಗೆ ಉರಿ. ವಾಪಸು ಕಳಿಸೋಣವೆಂದರೆ ಅಟ್ಟೆ ಮೇಲೆ ಕ್ಲೀಟಿನ ಗೀರು. ತಗೊಳ್ಳಲಿಲ್ಲ. ಮನೆಯಲ್ಲಿ ಒಂದು ತಿಂಗಳ ಹಾಲಿನ ದುಡ್ಡು ಗೂಟಕ್ಕೆ ನೇತಾಡುತ್ತಿದೆ. ಹುಡುಗ ಹಳೆ ಕ್ಯಾನ್ವಾಸ್ ಬೂಟಿನಲ್ಲೇ ತುಳಿಯುತ್ತಿದ್ದಾನೆ.

ಇದನ್ನು ತಪ್ಪಿಸಲು ಖರ್ಚಿಲ್ಲದ ಉಪಾಯ ನಮ್ಮ ಚಮ್ಮಾರರಿಗೆ ಹಿಂದಿನಿಂದಲೂ ಗೊತ್ತು. ಕಾಗದದ ಮೇಲೆ ನಿಲ್ಲಿಸಿ ಪಾದದ ಸುತ್ತ ಪೆನ್ಸಿಲ್ ಎಳೆಯುವುದು. ಎರಡೂ ಕಾಲಿನದ್ದು ಎಳೆಯಬೇಕು, ಯಾಕೆಂದರೆ ಒಂದು ಕೊಂಚ ದೊಡ್ಡದಿರುತ್ತದೆ. ದೊಡ್ಡ ಕಾಲಿಗೇ ಬೂಟು. ಸಂಜೆ ಹೊತ್ತು ಎಳೆಯುವುದು ಒಳ್ಳೆಯದು, ಪಾದ ಆಗ ತುಸು ಊದಿರುತ್ತದೆ. ಉದ್ದ ಅಗಲ ಎರಡನ್ನೂ ಮಿಲಿಮೀಟರಿನಲ್ಲಿ ಅಳೆದು ಕಂಪನಿಯ ಪಟ್ಟಿಗೆ ಹೋಲಿಸಬೇಕು. ಅಗಲ ಪಾದಕ್ಕೆಂದೇ ‘ವೈಡ್’ ಎಂಬ ಜೋಡಿ ಕೆಲವು ಕಂಪನಿಗಳಲ್ಲಿ ಸಿಗುತ್ತದೆ, ಕೇಳಬೇಕು ಅಷ್ಟೆ.

ಬೂಟು ಮನೆಗೆ ಬಂದ ಮೇಲೆ ಒಳಗಿನ ಮೆತ್ತೆ ತೆಗೆದು ನೆಲಕ್ಕಿಟ್ಟು ಅದರ ಮೇಲೆ ನಿಲ್ಲಿ. ಪಾದ ಮೆತ್ತೆಯ ಅಂಚು ದಾಟಿ ಹೊರಚೆಲ್ಲಿತೋ, ಆ ಬೂಟು ನಿಮ್ಮದಲ್ಲ. ಆಮೇಲೆ ಜಮಖಾನೆ ಮೇಲೆ ಕ್ಲೀಟು ಹಾಕದೆ ಕಾಲು ಗಂಟೆ ತೊಟ್ಟು ಕೂಡಿ, ನಿಲ್ಲಿ. ಬೆರಳು ಆಡಬೇಕು, ಹಿಮ್ಮಡಿ ಏಳಬಾರದು. ಕ್ಲೀಟಿನ ಸ್ಕ್ರೂ ಮುಟ್ಟುವುದು ಇಷ್ಟೆಲ್ಲ ಆದ ನಂತರ!

ಕಾರ್ಬನ್ ಮಾಯೆ

ಬೆಲೆ ಏರುವುದು ಮುಖ್ಯವಾಗಿ ಅಟ್ಟೆಯ ಮೇಲೆ. ಅಗ್ಗದ್ದು ನೈಲಾನ್, ದುಬಾರಿಯದು ಕಾರ್ಬನ್. ಕಾರ್ಬನ್ ಹಗುರ, ಬಾಗುವುದಿಲ್ಲ, ತುಳಿದ ಬಲ ಪೋಲಾಗುವುದಿಲ್ಲ ಎಂದು ಪ್ರಚಾರ. ಹಗುರ ಎಂಬುದು ನಿಜ. ಮಿಕ್ಕಿದ್ದು?

ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದವರು ಒಂದು ಪರೀಕ್ಷೆ ಮಾಡಿ 2016ರಲ್ಲಿ ಪ್ರಕಟಿಸಿದರು. ಅದೇ ಸವಾರರಿಗೆ ಒಮ್ಮೆ ಸಾದಾ ಓಟದ ಬೂಟು, ಚಪ್ಪಟೆ ಪೆಡಲ್. ಒಮ್ಮೆ ಟೋ ಕ್ಲಿಪ್. ಒಮ್ಮೆ ಕ್ಲೀಟು ಹಾಕಿದ ಸೈಕಲ್ ಬೂಟು. ಹದವಾದ ವೇಗದಲ್ಲಿ ತುಳಿಯುವಾಗ ಮೈ ಖರ್ಚು ಮಾಡುವ ಶಕ್ತಿಯಲ್ಲಿ ಹೇಳಿಕೊಳ್ಳುವ ಫರಕು ಕಾಣಲಿಲ್ಲ! ಮುಂದೆ 2020ರಲ್ಲಿ ಅಲ್ಲಿಯವರೇ ಹೊರಗಿನ ರಸ್ತೆಯಲ್ಲಿ ಜೋರು ಓಟದ ಪರೀಕ್ಷೆ ಮಾಡಿದಾಗ ಸೈಕಲ್ ಬೂಟೇ ಗೆದ್ದಿತು. ಎದ್ದು ನಿಂತು ಜೀವ ಬಿಟ್ಟು ತುಳಿಯುವಾಗ ಕಾಲು ಪೆಡಲ್ಲಿಗೆ ಅಂಟಿಕೊಂಡಿರುವುದು ಲಾಭವೇ.

ಶರ್ಯತ್ತಿಗೆ ಇಳಿಯುವವರಿಗೆ ಕ್ಲೀಟು ಬೇಕು, ಸರಿ. ಆದರೆ ಮೊದಲ ಜೋಡಿಗೇ ಕಾರ್ಬನ್ ಬೇಕೆಂದು ಅಪ್ಪನ ಕೊರಳಿಗೆ ಬೀಳುವ ಅಗತ್ಯವಿಲ್ಲ. ಕಾಲಿಗೆ ಸರಿಹೊಂದಿದ ನೈಲಾನ್ ಅಟ್ಟೆಯು, ಕಚ್ಚುವ ಕಾರ್ಬನ್ ಅಟ್ಟೆಗಿಂತ ನೂರು ಪಾಲು ಮೇಲು. ಬಿಗಿಯಲು ಚಕ್ರ ತಿರುವುವ ಬಗೆ, ಲೇಸು, ವೆಲ್ಕ್ರೋ ಪಟ್ಟಿ ಎಂದು ಮೂರು ತರಹ ಇವೆ. ಚಕ್ರದ್ದು ಸೊಗಸು, ಓಡುವ ಸೈಕಲ್ ಮೇಲೇ ತಿರುವಿ ಸಡಿಲಿಸಬಹುದು. ಹಾಳಾದರೆ ಬಿಡಿಭಾಗ ಊರಲ್ಲಿ ಸಿಗುವುದು ಕಷ್ಟ.

ತೂತು ಎಣಿಸಿರಿ, ಬಣ್ಣ ನೋಡಿರಿ

ಬೂಟಿನ ಅಡಿಯಲ್ಲಿ ಮೂರು ತೂತಿದ್ದರೆ ರಸ್ತೆ ಓಟದ ದೊಡ್ಡ ಕ್ಲೀಟು. ಎರಡಿದ್ದರೆ ಗುಡ್ಡಗಾಡಿನ ಚಿಕ್ಕ ಕ್ಲೀಟು. ಪೆಡಲ್ ಯಾವುದೋ ಬೂಟೂ ಅದೇ ಇರಬೇಕು. ಇಷ್ಟು ಸಣ್ಣ ಮಾತು ಕೇಳದೆ ಮೂರು ತೂತಿನ ಬೂಟು ತಂದು, ಎರಡು ತೂತಿನ ಪೆಡಲ್ ಮುಂದೆ ಕೈಕಟ್ಟಿ ನಿಂತವರಿಗೆ ಕೊರತೆಯಿಲ್ಲ. ಎರಡು ತೂತಿನ ಬೂಟಿನಲ್ಲಿ ಕ್ಲೀಟು ಸಾಮಾನ್ಯವಾಗಿ ಅಟ್ಟೆಯ ಒಳಗೆ ಹುದುಗಿರುತ್ತದೆ. ಮನುಷ್ಯರ ಹಾಗೆ ನಡೆಯಬಹುದು. ಸೈಕಲ್ ಮೇಲೆ ಆಫೀಸಿಗೆ ಹೋಗುವವರಿಗೆ, ದಾರಿಯಲ್ಲಿ ಹತ್ತು ಸಲ ಇಳಿಯುವವರಿಗೆ ಇದೇ ಯೋಗ್ಯ. ಮೂರು ತೂತಿನದು ಸಿಮೆಂಟು ನೆಲದ ಮೇಲೆ ಜಾರಿಸುತ್ತದೆ, ನಡೆದಷ್ಟೂ ಸವೆಯುತ್ತದೆ.

ಇನ್ನು ಬಣ್ಣ. ಕ್ಲೀಟು ಕಚ್ಚಿದ ಮೇಲೂ ಹಿಮ್ಮಡಿ ಆಚೀಚೆ ಎಷ್ಟು ಆಡಬಹುದು ಎಂಬುದನ್ನು ಬಣ್ಣ ಹೇಳುತ್ತದೆ. ಶಿಮಾನೊದ ರಸ್ತೆ ಕ್ಲೀಟಿನಲ್ಲಿ ಹಳದಿಗೆ 6 ಡಿಗ್ರಿ, ನೀಲಿಗೆ 2, ಕೆಂಪಿಗೆ ಸೊನ್ನೆ. ಲುಕ್ ಕಂಪನಿಯ ಕಿಯೋ ಕ್ಲೀಟಿನಲ್ಲಿ ಎಲ್ಲ ಉಲ್ಟಾ! ಅಲ್ಲಿ ಕೆಂಪಿಗೆ 9 ಡಿಗ್ರಿ, ಬೂದಿಗೆ 4.5, ಕಪ್ಪಿಗೆ ಸೊನ್ನೆ. ಗೆಳೆಯ ಕೆಂಪು ಹಾಕಿದ್ದಾನೆಂದು ತಾನೂ ಕೆಂಪು ತಂದವನ ಕಾಲು ಅಲುಗಾಡದಂತೆ ಬಂಧಿಯಾದರೆ ಆಶ್ಚರ್ಯವಿಲ್ಲ. ಹಿಮ್ಮಡಿಗೆ ಆಟವಿಲ್ಲದಿದ್ದರೆ ಆ ತಿರುಚು ಮೊಣಕಾಲು ಹೊರಬೇಕಾಗುತ್ತದೆ. ಹೊಸಬರಿಗೆ ಆಟ ಇರುವುದೇ ಕ್ಷೇಮ. ಮೊದಲ ವಾರ ಸಿಗ್ನಲ್ಲಿನಲ್ಲಿ ಕಾಲು ಬಿಡಿಸಲು ಮರೆತು ದೊಪ್ಪೆಂದು ಬೀಳುವುದು ಎಲ್ಲರಿಗೂ ಇದ್ದದ್ದೇ. ಖಾಲಿ ಮೈದಾನದಲ್ಲಿ ಹುಲ್ಲಿನ ಮೇಲೆ ಬಿದ್ದು ಮುಗಿಸಿದರೆ ಲಾರಿಯ ಮುಂದೆ ಬೀಳುವುದು ತಪ್ಪುತ್ತದೆ.

ಈಜಿ ಬಂದವರ ಬೂಟು

ಈಚೆಗೆ ಟ್ರಯಥ್ಲಾನ್ ಹುಚ್ಚು ಹತ್ತಿದೆ. ಈಜು, ಸೈಕಲ್, ಓಟ ಮೂರೂ ಒಂದರ ಬೆನ್ನಿಗೊಂದು. 2000ದ ಸಿಡ್ನಿ ಒಲಿಂಪಿಕ್ಸಿನಲ್ಲಿ ಇದು ಸೇರಿತು: ಒಂದೂವರೆ ಕಿ.ಮೀ. ಈಜು, 40 ಕಿ.ಮೀ. ಸೈಕಲ್, 10 ಕಿ.ಮೀ. ಓಟ. ನೆರೆಯ ಗೋವಾದಲ್ಲಿ 2019ರಲ್ಲಿ ಶುರುವಾದ ಅರ್ಧ ಐರನ್‌ಮ್ಯಾನಿನಲ್ಲಿ ಸೈಕಲ್ಲೇ 90 ಕಿ.ಮೀ. ಕರ್ನಾಟಕದವರೂ ಅಲ್ಲಿಗೆ ಹೋಗಿ ಇಳಿಯುತ್ತಾರೆ.

ಇದರ ಬೂಟಿನ ಮಜಾನೇ ಬೇರೆ. ಅಗಲವಾದ ಒಂದೆರಡು ವೆಲ್ಕ್ರೋ ಪಟ್ಟಿ, ಹಿಮ್ಮಡಿಯ ಹಿಂದೆ ಜಗ್ಗಲು ಒಂದು ಕುಣಿಕೆ, ನೀರು ಬಸಿದು ಹೋಗಲು ತೂತು, ಬರಿಗಾಲಿಗೆ ಉಜ್ಜದಂತೆ ನುಣುಪು ಒಳಗು. ಪಟ್ಟಿ ಬಿಚ್ಚಿದರೆ ಹೊರಮಗ್ಗುಲಿಗೆ ಬೀಳುತ್ತದೆ, ಚೈನಿಗೆ ಸಿಕ್ಕುವುದಿಲ್ಲ. ಪಳಗಿದವರು ಬೂಟನ್ನು ಮೊದಲೇ ಪೆಡಲ್ಲಿಗೆ ಕಚ್ಚಿಸಿ, ಅಡ್ಡ ನಿಲ್ಲುವಂತೆ ರಬ್ಬರ್ ಬ್ಯಾಂಡಿನಿಂದ ಸೈಕಲ್ಲಿಗೆ ಬಿಗಿದಿಟ್ಟಿರುತ್ತಾರೆ. ನೀರಿನಿಂದ ಎದ್ದು ಬರಿಗಾಲಲ್ಲಿ ಓಡಿ, ಜಿಗಿದು ಕೂತು ತುಳಿದರೆ ಬ್ಯಾಂಡು ಪಟ್ಟೆಂದು ಹರಿಯುತ್ತದೆ. ಕಾಲು ತೂರಿಸುವುದು ಓಡುವ ಸೈಕಲ್ಲಿನಲ್ಲೇ! ಕಿರಾಣಿ ಅಂಗಡಿಯ ನಾಲ್ಕಾಣೆ ಮಾಲು ಹೀಗೆ ಅಂತರರಾಷ್ಟ್ರೀಯ ಸ್ಪರ್ಧೆಗೂ ಹೋಗುತ್ತದೆ ನೋಡಿ.

ಇಷ್ಟಾದರೂ ಉಳಿಯುವುದು ಕೆಲವು ಸೆಕೆಂಡು. ಒಲಿಂಪಿಕ್ ಅಳತೆಯಲ್ಲಿ ಮುಂಚೂಣಿಗೆ ಕಾದಾಡುವವರಿಗೆ ಆ ಸೆಕೆಂಡು ಚಿನ್ನ. ಗೋವಾದಲ್ಲಿ ಎಂಟು ತಾಸಿನೊಳಗೆ ಮುಗಿದರೆ ಸಾಕಪ್ಪಾ ಎನ್ನುವವರಿಗೆ ಅದಕ್ಕೆಂದು ಎರಡನೇ ಜೋಡಿ ಯಾಕೆ? ದಿನಾ ತುಳಿಯುವ ರಸ್ತೆ ಬೂಟೇ ಸಾಕು. ಕುಳಿತು ಕಾಲೊರೆಸಿ, ಕಾಲುಚೀಲ ಹಾಕಿಕೊಂಡೇ ಹೊರಡಲಿ. ಗುಳ್ಳೆ ಎದ್ದ ಪಾದದಲ್ಲಿ 21 ಕಿ.ಮೀ. ಓಡುವುದು ತಪ್ಪುತ್ತದೆ. ಮುಂದೆ ಓಟವಿರುವುದರಿಂದ ಮೀನಖಂಡ ಉಳಿಸಲು ಕ್ಲೀಟನ್ನು ಒಂದಿಷ್ಟು ಹಿಂದೆ ಸರಿಸಿಕೊಳ್ಳುವವರೂ ಇದ್ದಾರೆ.

ಈಗ ಮತ್ತೆ ಆ ಟಿಕೋಟಾದ ಹುಡುಗರಂಥವರ ಮಾತು. ಊರಲ್ಲಿ ತೊಟ್ಟು ನೋಡಿ ಕೊಳ್ಳುವ ಅಂಗಡಿ ಇಲ್ಲದಿರುವುದೇ ದೊಡ್ಡ ಅಡಚಣೆ. ಸೈಕಲ್ ಅಂಗಡಿಯವರು ಪಂಪು, ಟ್ಯೂಬು, ಚೈನು ಇಡುತ್ತಾರೆ. ಬೂಟು ಇಟ್ಟರೆ ನಂಬರಿಗೊಂದು ಜೋಡಿಯಂತೆ ಬಂಡವಾಳ ಕಪಾಟಿನಲ್ಲಿ ಕೊಳೆಯುತ್ತದೆ ಎನ್ನುವ ಅವರ ಮಾತೂ ಸುಳ್ಳಲ್ಲ. ಮಾರುವುದು ಬೇಡ, ತೊಟ್ಟು ನೋಡಲೆಂದು 39ರಿಂದ 44ರವರೆಗೆ ನಂಬರಿಗೊಂದರಂತೆ ಆರೇ ಜೋಡಿಯನ್ನು ನಿಲಯದಲ್ಲೋ ಕ್ರೀಡಾಂಗಣದಲ್ಲೋ ಇಟ್ಟರೂ ಎಷ್ಟೋ ಮನೆಗಳ ಹಾಲಿನ ದುಡ್ಡು ಉಳಿದೀತು. ಅಲ್ಲಿಯವರೆಗೆ ಕಾಗದ, ಪೆನ್ಸಿಲ್, ಸಂಜೆ ಹೊತ್ತು.