ಎಲಿಜಬೆತ್ ಗ್ಯಾಸ್ಕೆಲ್ ಅವರ ‘ಕ್ರ್ಯಾನ್‌ಫರ್ಡ್’: ಹಣ ಮತ್ತು ಮೌನ
ಎಲಿಜಬೆತ್ ಗ್ಯಾಸ್ಕೆಲ್ (1810–1865) ಅವರ ‘ಕ್ರ್ಯಾನ್‌ಫರ್ಡ್’ ಕೃತಿಯನ್ನು ಹಳೆಯ ಕಾಲದ ಒಂಟಿ ಹೆಂಗಸರ ಕುರಿತ ಲಘುಹಾಸ್ಯದ ಚಿತ್ರಮಾಲೆಯೆಂದು ಓದುವ ರೂಢಿ ಬಹುಕಾಲ ಉಳಿದುಬಂದಿದೆ. ‘ಮೇರಿ ಬಾರ್ಟನ್’ (1848) ಕಾದಂಬರಿಯಲ್ಲಿ ಮ್ಯಾಂಚೆಸ್ಟರಿನ ಕಾರ್ಮಿಕರ ಬವಣೆಯನ್ನು ಚಿತ್ರಿಸಿದ ಲೇಖಕಿ ಇಲ್ಲಿ ಕೊಂಚ ವಿಶ್ರಮಿಸಿದ್ದಾರೆ ಎಂಬ ಗ್ರಹಿಕೆ ಅದರ ಹಿಂದಿದೆ. ಆದರೆ ಈ ಕೃತಿಯ ಕೇಂದ್ರದಲ್ಲಿರುವುದೂ ಹಣವೇ. ಖಚಿತವಾಗಿ ಹೇಳುವುದಾದರೆ, ಹಣದ ಮಾತೆತ್ತದೆ ಬಾಳುವ ಒಂದು ಸಮುದಾಯದ ರೀತಿನೀತಿ.

ಚಾರ್ಲ್ಸ್ ಡಿಕನ್ಸ್ ಸಂಪಾದಿಸುತ್ತಿದ್ದ ‘ಹೌಸ್‌ಹೋಲ್ಡ್ ವರ್ಡ್ಸ್’ ವಾರಪತ್ರಿಕೆಯಲ್ಲಿ 1851ರ ಡಿಸೆಂಬರಿನಿಂದ 1853ರ ಮೇ ತಿಂಗಳವರೆಗೆ ಇದು ಬಿಡಿಬಿಡಿಯಾಗಿ ಪ್ರಕಟವಾಯಿತು. ಮೊದಲ ಕಂತನ್ನು ಬರೆದಾಗ ಮುಂದುವರಿಸುವ ಉದ್ದೇಶ ಲೇಖಕಿಗೆ ಇರಲಿಲ್ಲ. ಕಥಾಹಂದರದ ಸಡಿಲತೆಗೆ ಇದೂ ಒಂದು ಕಾರಣ. ಚೆಷೈರ್ ಪ್ರಾಂತದ ನಟ್ಸ್‌ಫರ್ಡ್‌ನಲ್ಲಿ ತಾಯಿಯ ಸೋದರಿಯ ಆಶ್ರಯದಲ್ಲಿ ಗ್ಯಾಸ್ಕೆಲ್ ಬೆಳೆದರು. ಕ್ರ್ಯಾನ್‌ಫರ್ಡ್‌ಗೆ ಆ ಊರೇ ಮಾದರಿ.

ಈ ಊರಿನ ಉತ್ತಮ ಮನೆಗಳೆಲ್ಲ ಅವಿವಾಹಿತೆಯರ ಅಥವಾ ವಿಧವೆಯರ ಕೈಯಲ್ಲಿವೆ. ಅಂದಿನ ಇಂಗ್ಲಿಷ್ ಕಾನೂನಿನಲ್ಲಿ ವಿವಾಹಿತ ಸ್ತ್ರೀಯ ಸಂಪಾದನೆ ಪತಿಗೆ ಸೇರುತ್ತಿತ್ತು. 1870 ಮತ್ತು 1882ರ ಕಾಯಿದೆಗಳಿಂದ ಮಾತ್ರ ಈ ಸ್ಥಿತಿ ಬದಲಾಯಿತು. (ಗ್ಯಾಸ್ಕೆಲ್ ಅವರ ಬರವಣಿಗೆಯ ಸಂಭಾವನೆಯೂ ಈ ನಿಯಮಕ್ಕೆ ಹೊರತಾಗಿರಲಿಲ್ಲ.) ಹೀಗಾಗಿ ಒಂಟಿತನವೇ ಈ ಸ್ತ್ರೀಯರಿಗೆ ಸ್ವಾತಂತ್ರ್ಯವನ್ನು ತಂದಿತ್ತು, ಜೊತೆಗೆ ಬಡತನವನ್ನೂ. ಬಡತನವನ್ನು ಮಾತ್ರ ಯಾರೂ ಬಾಯಿಬಿಟ್ಟು ಹೇಳುವಂತಿಲ್ಲ. ಬೆಳಗೆಲ್ಲ ತಾನೇ ಕುಳಿತು ತಿಂಡಿ ಬೇಯಿಸಿದ ಶ್ರೀಮತಿ ಫಾರೆಸ್ಟರ್, ಅತಿಥಿಗಳೆದುರು ಏನು ಬಂದೀತೆಂದು ತಿಳಿಯದವಳಂತೆ ಕುಳಿತಿರುತ್ತಾಳೆ. ಮಿಸ್ ಮ್ಯಾಟಿ ಎರಡು ಮೇಣದಬತ್ತಿಗಳನ್ನು ಇಟ್ಟು ಒಂದನ್ನೇ ಉರಿಸುತ್ತಾಳೆ. ಎರಡೂ ಸಮನಾಗಿ ಕಾಣಲೆಂದು ಆಗಾಗ ಬದಲಿಸುತ್ತಾಳೆ. ತಾನು ಬಡವನೆಂದು ಬೀದಿಯಲ್ಲಿ ಗಟ್ಟಿಯಾಗಿ ಹೇಳಿಬಿಡುವ ಕ್ಯಾಪ್ಟನ್ ಬ್ರೌನ್ ಆ ಸಮಾಜಕ್ಕೆ ಒಂದು ಆಘಾತವೇ ಸರಿ.

ನಗೆ ತರಿಸುವ ಈ ಮೌನದ ಬೆಲೆ ತಿಳಿಯುವುದು ಬ್ಯಾಂಕು ಮುಳುಗುವ ಪ್ರಸಂಗದಲ್ಲಿ. ರೇಷ್ಮೆ ಬಟ್ಟೆ ಕೊಳ್ಳಲು ಅಂಗಡಿಗೆ ಹೋದ ಮ್ಯಾಟಿಯ ಎದುರಿಗೇ ಒಬ್ಬ ರೈತನ ಐದು ಪೌಂಡಿನ ನೋಟನ್ನು ಅಂಗಡಿಯವರು ನಿರಾಕರಿಸುತ್ತಾರೆ. ಅದು ತಾನು ಷೇರು ಹೊಂದಿರುವ ಬ್ಯಾಂಕಿನ ನೋಟು ಎಂದು ಅರಿತ ಆಕೆ ತನ್ನ ಐದು ಚಿನ್ನದ ನಾಣ್ಯಗಳನ್ನು ಅವನಿಗಿತ್ತು ನೋಟನ್ನು ಪಡೆಯುತ್ತಾಳೆ. ಇದನ್ನು ಬರಿಯ ಮುಗ್ಧತೆಯೆನ್ನುವುದು ಸರಿಯಾಗದು. ಅಂದಿನ ಕೂಡುಬಂಡವಾಳದ ಬ್ಯಾಂಕುಗಳಲ್ಲಿ ಷೇರುದಾರರ ಹೊಣೆಗೆ ಕಾನೂನಿನ ಮಿತಿಯಿರಲಿಲ್ಲ. ಮ್ಯಾಟಿ ಆ ಹೊಣೆಯನ್ನು ಅಕ್ಷರಶಃ ಹೊರುತ್ತಾಳೆ. ವರ್ಷಕ್ಕೆ ಸುಮಾರು 150 ಪೌಂಡು ಆದಾಯ ಕಳೆದುಕೊಂಡ ಆಕೆಗೆ ಉಳಿಯುವುದು ಕೇವಲ 13 ಪೌಂಡು.

ಆಗ ಊರಿನ ಹೆಂಗಸರು ಗುಟ್ಟಾಗಿ ಸೇರುತ್ತಾರೆ. ತಾವು ಕೊಡಬಲ್ಲ ಮೊತ್ತವನ್ನು ಪ್ರತಿಯೊಬ್ಬಳೂ ಚೀಟಿಯಲ್ಲಿ ಬರೆದು ಮುಚ್ಚಿಕೊಡುತ್ತಾಳೆ. ಶ್ರೀಮತಿ ಫಾರೆಸ್ಟರ್ ಬಿಟ್ಟುಕೊಡುವುದು ತನ್ನ ಅಲ್ಪ ಆದಾಯದ ಇಪ್ಪತ್ತನೆಯ ಒಂದು ಪಾಲು. ಮ್ಯಾಟಿಗೆ ಇದು ತಿಳಿಯಕೂಡದು. ಹಿಂದೆ ಬಡತನವನ್ನು ಮರೆಮಾಡಿದ ಮೌನವೇ ಇಲ್ಲಿ ದಾನವನ್ನೂ ಮರೆಮಾಡುತ್ತದೆ. ಚಹಾ ಮಾರಲು ತೊಡಗುವ ಮುನ್ನ ಮ್ಯಾಟಿ, ದಿನಸಿ ಅಂಗಡಿಯ ಜಾನ್ಸನ್‌ನನ್ನು ಕಂಡು ಅವನ ವ್ಯಾಪಾರಕ್ಕೆ ಕುಂದಾದೀತೇ ಎಂದು ವಿಚಾರಿಸುತ್ತಾಳೆ. ಅವನು ತನ್ನ ಗಿರಾಕಿಗಳನ್ನೇ ಆಕೆಯ ಬಳಿಗೆ ಕಳುಹಿಸುತ್ತಾನೆ. ಇಂಥ ಸರಳತೆ ಹೊರಜಗತ್ತಿನಲ್ಲಿ ನಡೆಯದೆನ್ನುವ ನಿರೂಪಕಿಯ ವ್ಯಾಪಾರಿ ತಂದೆ, ಅಷ್ಟೆಲ್ಲ ಎಚ್ಚರವಿದ್ದೂ, ವಂಚನೆಯಲ್ಲಿ ಸಾವಿರ ಪೌಂಡಿಗೂ ಹೆಚ್ಚು ಕಳೆದುಕೊಂಡವನು.

ಕೃತಿಯ ದುರ್ಬಲ ಭಾಗ ಮುಕ್ತಾಯ. ಬಾಲ್ಯದ ಒಂದು ತುಂಟಾಟಕ್ಕಾಗಿ ತಂದೆಯಿಂದ ಹೊಡೆಸಿಕೊಂಡು ಮನೆಬಿಟ್ಟ ತಮ್ಮ ಪೀಟರ್, ಭಾರತದಲ್ಲಿ ನೀಲಿ ಬೆಳೆಯ ತೋಟಗಾರನಾಗಿದ್ದು, ಆಸ್ತಿ ಮಾರಿ ಹಿಂದಿರುಗುತ್ತಾನೆ. ಆ ಹಣ ಯಾರ ದುಡಿಮೆಯದೆಂದು ಕಾದಂಬರಿ ಕೇಳುವುದಿಲ್ಲ. ಭಾರತದಿಂದ ಬರುವ ವಸ್ತುಗಳು ಮಾತ್ರ ಸದಾ ತಡವಾಗಿ ತಲಪುತ್ತವೆ. ಹಿಂದೆ ಅವನು ತಾಯಿಗೆ ಕಳುಹಿಸಿದ ಬಿಳಿಯ ಶಾಲು ಆಕೆ ಸತ್ತ ಮರುದಿನ ಬಂದು, ಅದನ್ನೇ ಹೊದಿಸಿ ಆಕೆಯನ್ನು ಹೂಳಲಾಗಿತ್ತು. ಅಕ್ಕನಿಗೆಂದು ಈಗ ತಂದ ಮಸ್ಲಿನ್ ಉಡುಪು, ಮುತ್ತಿನ ಸರ ಆಕೆಯ ಯೌವನಕ್ಕೆ ಒಪ್ಪುವಂಥವು. ಚಹಾದ ವ್ಯಾಪಾರ ನಿಲ್ಲುತ್ತದೆ. ಉಳಿದ ಚಹಾಪುಡಿ ಊರಿನ ಹೆಂಗಸರಿಗೂ ಪೀಟರ್‌ನನ್ನು ಹುಡುಗನಾಗಿ ಕಂಡಿದ್ದ ಮುದುಕರಿಗೂ ಹಂಚಿಹೋಗುತ್ತದೆ.